ಹೊಟ್ಟೆಯೊಳಗಿನ ಪೊರೆಯೂ ಉಪ್ಪಿನ ತ್ಯಾಗವೂ

ನಮ್ಮ ಸಲಗರ ಬುದ್ರುಕದಿಂದ ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಮೂರು ಸಲ ಸೋಲಾಪುರಕ್ಕೆ ಹೋಗಿ ಬರುವುದು ವಯಸ್ಸಾದವರಿಗೆ ದೊಡ್ಡ ಕಷ್ಟ. ಆದ್ದರಿಂದ ಎರಡೂ ಮೂತ್ರಪಿಂಡಗಳು ಸೋತಿದ್ದ ನಮ್ಮ ಅಕ್ಕನವರಿಗೆ ವೈದ್ಯರು ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆಯ ಡಯಾಲಿಸಿಸ್ ಹೇಳಿದರು. ಸಿ.ಎ.ಪಿ.ಡಿ. ಎಂಬ ಈ ಪದ್ಧತಿ ನಮ್ಮ ದೇಶದಲ್ಲಿ 1991ರಲ್ಲಿ ಆರಂಭವಾಯಿತು.

ಕರುಳನ್ನು ಸುತ್ತಿಕೊಂಡು ಪೆರಿಟೋನಿಯಂ ಎಂಬ ತೆಳುವಾದ ಪೊರೆಯಿದೆ. ನಳಿಕೆಯ ಮೂಲಕ ಸುಮಾರು ಎರಡು ಲೀಟರ್ ದ್ರಾವಣವನ್ನು ಹೊಟ್ಟೆಗೆ ಬಿಟ್ಟು ಕೆಲವು ತಾಸು ಇಡುತ್ತಾರೆ. ರಕ್ತದಲ್ಲಿನ ಕಲ್ಮಶವೂ ಹೆಚ್ಚಿನ ನೀರೂ ಪೊರೆಯ ಮೂಲಕ ದ್ರಾವಣಕ್ಕೆ ಸೋಸಿ ಬರುತ್ತವೆ. ಅದನ್ನು ಹೊರಗೆ ಬಿಟ್ಟು ಹೊಸ ಚೀಲ ಹಾಕಬೇಕು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ನಡೆಯುತ್ತದೆ.

ದ್ರಾವಣದಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಲ್ಯಾಕ್ಟೇಟ್‌ಗಳ ಜೊತೆಗೆ ಗ್ಲೂಕೋಸ್ ಸಕ್ಕರೆ ಇರುತ್ತದೆ. ನೀರನ್ನು ಎಳೆಯುವುದು ಈ ಸಕ್ಕರೆಯೇ. ಶೇ. 1.5, 2.5 ಮತ್ತು 4.25 ಎಂದು ಮೂರು ಬಗೆಯ ಚೀಲಗಳು ಬರುತ್ತವೆ. ಎರಡು ಲೀಟರಿನ ತೆಳು ಚೀಲದಲ್ಲಿ 30 ಗ್ರಾಂ ಸಕ್ಕರೆಯಿದ್ದರೆ ಗಟ್ಟಿ ಚೀಲದಲ್ಲಿ 85 ಗ್ರಾಂ. ಗಟ್ಟಿಯಾದಷ್ಟೂ ನೀರು ಹೆಚ್ಚು ಇಳಿಯುತ್ತದೆ.

ಅಕ್ಕನವರಿಗೆ ಉಪ್ಪಿನಕಾಯಿ, ಹಪ್ಪಳವಿಲ್ಲದೆ ಊಟ ಸೇರುತ್ತಿರಲಿಲ್ಲ. ನಾವು ಬೇಡವೆಂದರೆ, "ತಮ್ಮಾ, ಒಂದ್ ಹೋಳ ತಿಂದ್ರ ಏನಾಗ್ತದ? ರಾತ್ರಿ ಗಟ್ಟಿ ಚೀಲ ಹಾಕಿದ್ರ ನೀರ ಇಳೀತದ" ಎನ್ನುತ್ತಿದ್ದರು. ಇಳಿಯುತ್ತಲೂ ಇತ್ತು. ಆದರೆ ಎರಡು ವರ್ಷದ ನಂತರ ಅದೇ ಗಟ್ಟಿ ಚೀಲಕ್ಕೆ ಬರುವ ನೀರು ಕಡಿಮೆಯಾಯಿತು, ಕಾಲು ಬಾತವು. ಸೊಸೆ ಹೊಟ್ಟೆಗೆ ಹೋದ ಮತ್ತು ಹೊರಬಂದ ದ್ರಾವಣದ ಲೆಕ್ಕವನ್ನು ನಮ್ಮ ಅಂಗಡಿಯ ಜಮಾಖರ್ಚಿನಂತೆ ಬರೆದಿಟ್ಟಿದ್ದಳು. ಆ ವಹಿ ನೋಡಿ ವೈದ್ಯರು ಕಾರಣವನ್ನು ತಿಳಿಸಿ ಹೇಳಿದರು.

ಪೊರೆಯ ಮೇಲ್ಭಾಗದಲ್ಲಿ ಜೀವಕೋಶಗಳ ಒಂದೇ ಸಾಲು ಇರುತ್ತದೆ. ವರ್ಷಗಟ್ಟಲೆ ಸಕ್ಕರೆಯಲ್ಲಿ ನೆನೆದು ಅದು ಸವೆಯುತ್ತದೆ. ಅಡಿಯ ಪದರ ದಪ್ಪವಾಗುತ್ತದೆ, ಹೊಸ ರಕ್ತನಾಳಗಳು ಹುಟ್ಟುತ್ತವೆ. ಆಗ ದ್ರಾವಣದ ಸಕ್ಕರೆ ಬೇಗನೆ ರಕ್ತಕ್ಕೆ ಸೇರಿ ನೀರೆಳೆಯುವ ಶಕ್ತಿ ಮುಗಿದುಹೋಗುತ್ತದೆ. ಅದಕ್ಕೆ ಇನ್ನೂ ಗಟ್ಟಿ ಚೀಲ ಹಾಕಿದರೆ ಪೊರೆ ಇನ್ನಷ್ಟು ಕೆಡುತ್ತದೆ. ವ್ಯಾಪಾರದಲ್ಲಿ ಬಡ್ಡಿ ಕಟ್ಟಲು ಅಸಲು ಕರಗಿಸಿದಂತೆ ಇದು.

ಇನ್ನೊಂದು ಕಾರಣವೂ ಇದೆ. ಸಕ್ಕರೆಯ ಪಾಕ ಕಾಯಿಸಿದರೆ ಕಂದುಬಣ್ಣಕ್ಕೆ ತಿರುಗುವುದನ್ನು ಎಲ್ಲ ತಾಯಂದಿರೂ ಬಲ್ಲರು. ದ್ರಾವಣವನ್ನು ಕ್ರಿಮಿರಹಿತ ಮಾಡಲು ಕಾಯಿಸುವಾಗಲೂ ಸಕ್ಕರೆ ಒಡೆದು ಹಾನಿಕರ ಪದಾರ್ಥಗಳು ಉಂಟಾಗುತ್ತವೆ. ಅವು ಕಡಿಮೆಯಾಗಲೆಂದು ಹಳೆಯ ಬಗೆಯ ದ್ರಾವಣವನ್ನು ಆಮ್ಲೀಯವಾಗಿ ಇಡುತ್ತಾರೆ. ಆ ಆಮ್ಲವೂ ಪೊರೆಗೆ ಒಳ್ಳೆಯದಲ್ಲ. ಎರಡು ಕೋಣೆಯ ಹೊಸ ಚೀಲಗಳಲ್ಲಿ ಸಕ್ಕರೆಯನ್ನು ಬೇರೆಯಾಗಿಟ್ಟು ಕಾಯಿಸಿ, ಬಳಸುವ ಮೊದಲು ಕೂಡಿಸುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದೆಡೆ 185 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ದ್ರಾವಣ ಬಳಸಿದವರಿಗೆ ಮೂತ್ರ ಪೂರ್ತಿ ನಿಲ್ಲುವುದು ತಡವಾಯಿತು, ಹೊಟ್ಟೆಯ ಸೋಂಕೂ ಕಡಿಮೆಯಾಯಿತು. ಸೋಂಕು ಕೂಡ ಪೊರೆಯ ಶತ್ರುವೇ. ಆದ್ದರಿಂದ ಚೀಲ ಬದಲಿಸುವಾಗ ಕೈತೊಳೆಯುವುದರಲ್ಲಿ ಅಲಕ್ಷ್ಯ ಸಲ್ಲದು.

ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಐಕೋಡೆಕ್ಸ್‌ಟ್ರಿನ್ ದ್ರಾವಣವನ್ನು ದಿನಕ್ಕೊಮ್ಮೆ ದೀರ್ಘಾವಧಿಗೆ ಹಾಕುವುದುಂಟು. ಅದು ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ನೀರೆಳೆಯುವ ಶಕ್ತಿ ಬಹಳ ಹೊತ್ತು ಉಳಿಯುತ್ತದೆ. ಆದರೆ ಇದನ್ನು ಬಳಸುವ ಮಧುಮೇಹಿಗಳಿಗೆ ಕೆಲವು ಸಕ್ಕರೆ ಪರೀಕ್ಷಾ ಯಂತ್ರಗಳು ಇಲ್ಲದ ಸಕ್ಕರೆಯನ್ನು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಪ್ರಾಣಾಪಾಯ. ಯಾವ ಯಂತ್ರ ಸರಿ ಎಂದು ಮೊದಲೇ ಕೇಳಿಕೊಳ್ಳಬೇಕು.

ಹೊಸ ದ್ರಾವಣಗಳ ಬೆಲೆ ಹೆಚ್ಚು. ಆದರೆ ಬಾಯಿಯ ಸಂಯಮಕ್ಕೆ ಬೆಲೆಯಿಲ್ಲ. ಉಪ್ಪು ಕಡಿಮೆಯಾದರೆ ನೀರಡಿಕೆ ಕಡಿಮೆ, ನೀರು ಕಡಿಮೆಯಾದರೆ ತೆಳು ಚೀಲವೇ ಸಾಕು, ತೆಳು ಚೀಲವಾದರೆ ಪೊರೆ ಹೆಚ್ಚು ಕಾಲ ಬಾಳುತ್ತದೆ. ರಸಪರಿತ್ಯಾಗದಲ್ಲಿ ಉಪ್ಪನ್ನು ಬಿಡುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಆದರೆ ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಪ್ರೋಟೀನ್ ದಿನವೂ ಸೋರಿಹೋಗುತ್ತದೆ. ಹೀಗಾಗಿ ಪರ್ವದಿನಗಳಲ್ಲಿ ಉಪವಾಸ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು, ಚೀಲವನ್ನಂತೂ ತಪ್ಪಿಸಲೇಬಾರದು.

ಅಕ್ಕನವರು ಕಳೆದ ದಶಲಕ್ಷಣ ಪರ್ವದಲ್ಲಿ ಉಪ್ಪಿನಕಾಯಿ, ಹಪ್ಪಳ ಬಿಟ್ಟರು. ಪರ್ವ ಮುಗಿದರೂ ಮತ್ತೆ ಮುಟ್ಟಲಿಲ್ಲ. ಹೋದ ಪೊರೆ ಮರಳಿ ಬಾರದು. ಆದರೆ ಈಗ ಸೊಸೆಯ ವಹಿಯಲ್ಲಿ ಗಟ್ಟಿ ಚೀಲದ ಲೆಕ್ಕ ವಾರಕ್ಕೆ ಒಂದೋ ಎರಡೋ ಮಾತ್ರ.