ಮೂತ್ರಪಿಂಡದ ಬೇನೆಯೂ ಬಿಳಿಯ ರಕ್ತಕಣಗಳೂ

ಕೆಲವು ರೋಗಗಳು ಕೂಗಿ ಬರುತ್ತವೆ, ಕೆಲವು ಸದ್ದಿಲ್ಲದೆ ಬರುತ್ತವೆ. ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯು ಎರಡನೆಯ ವರ್ಗಕ್ಕೆ ಸೇರಿದುದು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಶೋಧಕಗಳಿದ್ದು, ಅವೆಲ್ಲವೂ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಅವುಗಳಲ್ಲಿ ಅರ್ಧದಷ್ಟು ಕೆಟ್ಟರೂ ಉಳಿದವು ಹೆಚ್ಚು ದುಡಿದು ಕೊರತೆಯನ್ನು ಮರೆಮಾಚುತ್ತವೆ. ಕಾಲು ಬಾತು, ಹಸಿವು ಅಡಗುವ ವೇಳೆಗೆ ಬಹುಭಾಗ ಹಾಳಾಗಿರುತ್ತದೆ. ಆದುದರಿಂದಲೇ ವೈದ್ಯರು ಈ ರೋಗದ ಸುಳಿವುಗಳನ್ನು ರಕ್ತ ಮತ್ತು ಮೂತ್ರಗಳಲ್ಲಿ ಅರಸುತ್ತಾರೆ. ಅಂಥ ಸುಳಿವುಗಳಲ್ಲೊಂದು ಬಿಳಿಯ ರಕ್ತಕಣಗಳ ನಡವಳಿಕೆ.

ಈ ಕಣಗಳು ಶರೀರದ ಕಾವಲುಗಾರರು. ಹೊರಗಿನಿಂದ ಹೊಕ್ಕ ವಸ್ತುವನ್ನು ಸುತ್ತುವರಿದು ನುಂಗುವ ಜೀವಕೋಶಗಳ ಗುಣವನ್ನು 1882ರಲ್ಲಿ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ಗುರುತಿಸಿದರು. 1908ರಲ್ಲಿ ಅವರಿಗೂ ಪಾಲ್ ಎರ್ಲಿಕ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿಯ ಕಣಗಳಿರುತ್ತವೆ. ಅವುಗಳಲ್ಲಿ ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್ ಎಂಬವೇ ಹೆಚ್ಚಿನವು.

ಮೂತ್ರಪಿಂಡ ಸೋತಾಗ ಹೊರಹೋಗಬೇಕಾದ ಕಲ್ಮಶಗಳು ರಕ್ತದಲ್ಲಿಯೇ ನಿಂತು ನ್ಯೂಟ್ರೊಫಿಲ್‌ಗಳನ್ನು ಸದಾ ಕೆರಳಿಸುತ್ತವೆ. ಶತ್ರುವಿಲ್ಲದೆಯೂ ಅವು ಆಯುಧವೆತ್ತುತ್ತವೆ. ಅದರಿಂದ ರಕ್ತನಾಳಗಳ ಒಳಪದರಕ್ಕೆ ಹಾನಿಯಾಗುತ್ತದೆ. ನಿಜವಾದ ಸೋಂಕು ತಗಲಿದಾಗಲಾದರೋ ಅವೇ ಕಣಗಳು ಚೆನ್ನಾಗಿ ಹೋರಾಡಲಾರವು. ಲಿಂಫೊಸೈಟ್‌ಗಳ ಸಂಖ್ಯೆಯೂ ಇಳಿಯುತ್ತದೆ. ಈ ರೋಗಿಗಳಿಗೆ ಸೋಂಕಿನ ಮತ್ತು ಹೃದ್ರೋಗದ ಭಯ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಈ ಏರುಪೇರನ್ನು ತಿಳಿಯಲು ದುಬಾರಿ ಪರೀಕ್ಷೆ ಬೇಕಿಲ್ಲ. ಸಾಮಾನ್ಯ ರಕ್ತಪರೀಕ್ಷೆಯ ವರದಿಯಲ್ಲಿ ಎರಡೂ ಬಗೆಯ ಕಣಗಳ ಶೇಕಡಾ ಪ್ರಮಾಣ ಬರೆದಿರುತ್ತದೆ. ನ್ಯೂಟ್ರೊಫಿಲ್ 60, ಲಿಂಫೊಸೈಟ್ 30 ಇದ್ದರೆ ಅನುಪಾತ 2. ಅದೇ 75 ಮತ್ತು 15 ಆದರೆ ಅನುಪಾತ 5. ಮೂತ್ರಪಿಂಡದ ರೋಗಿಗಳಲ್ಲಿ ಈ ಅನುಪಾತ ಏರಿರುವುದು ಒಳಗೆ ಉರಿಯೂತವಿರುವುದರ ಕುರುಹಾಗಿರಬಹುದೆಂದು ಸಂಶೋಧಕರು ಕಂಡಿದ್ದಾರೆ.

ಆದರೆ ಇಲ್ಲಿ ನಾವು ಓದುಗ ಬಂಧುಗಳಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸಬಹುದು. ಯಾರ ಮನೆಯ ಬೆಂಕಿಯೆಂದು ಹೇಳಲಾಗದು. ಜ್ವರ, ಗಾಯ, ಶಸ್ತ್ರಚಿಕಿತ್ಸೆ, ಸ್ಟೀರಾಯ್ಡ್ ಔಷಧಿ ಇವುಗಳಿಂದಲೂ ಈ ಅನುಪಾತ ಏರುತ್ತದೆ. ಆದಕಾರಣ ಅದೊಂದನ್ನೇ ನೋಡಿ ಅಂಜಬಾರದು. ಅದು ಸರಿಯಿದೆಯೆಂದು ಮೈಮರೆಯಲೂಬಾರದು. ರೋಗವನ್ನು ನಿರ್ಣಯಿಸುವ ಮುಖ್ಯ ಪರೀಕ್ಷೆಗಳು ಬೇರೆ ಎರಡು: ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್. ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕಿದ ಶೋಧನೆಯ ಪ್ರಮಾಣವು ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿದ್ದು, ಅಥವಾ ಆಲ್ಬುಮಿನ್ ಹೆಚ್ಚಾಗಿ ಸೋರುತ್ತಿದ್ದು, ಆ ಸ್ಥಿತಿ 3 ತಿಂಗಳಿಗೂ ಮೀರಿ ನಿಂತರೆ ಅದನ್ನು ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತಾರೆ.

ಮಧುಮೇಹ ಮತ್ತು ರಕ್ತದೊತ್ತಡ ಈ ರೋಗದ ಮುಖ್ಯ ಕಾರಣಗಳು. ಇವೆರಡರಲ್ಲಿ ಒಂದಾದರೂ ಇರುವ ಹಿರಿಯರು ಮನೆಯಲ್ಲಿದ್ದರೆ ವರ್ಷಕ್ಕೊಮ್ಮೆಯಾದರೂ ಆ ಎರಡು ಪರೀಕ್ಷೆಗಳನ್ನು ಮಾಡಿಸುವುದು ಮಕ್ಕಳ ಹೊಣೆ. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲವು. ವೈದ್ಯರನ್ನು ಕೇಳದೆ ಅವನ್ನು ಸೇವಿಸಬಾರದು. ಹಾಳಾದ ನೆಫ್ರಾನು ಮರಳಿ ಹುಟ್ಟುವುದಿಲ್ಲ. ಉಳಿದವನ್ನು ಕಾಪಾಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಕೆಲಸ.