ಅಂಗೈಯಗಲದ ಸ್ಪೀಕರ್, ಅಪ್ಪನ ಡೊಳ್ಳು

ದೀಪಾವಳಿಗೆ ಚನ್ನಗಿರಿಗೆ ಹೋದಾಗ ಅಪ್ಪನಿಗೆಂದು ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಒಯ್ದಿದ್ದೆ. ವಯಸ್ಸಿನಲ್ಲಿದ್ದಾಗ ಊರ ತಂಡದಲ್ಲಿ ಡೊಳ್ಳು ಬಾರಿಸಿದವರು. ಈಗ ಭುಜ ನೋವು, ಡೊಳ್ಳು ಹೊರೋಕಾಗಲ್ಲ. ಅವರದೇ ತಂಡದ ಹಳೆಯ ವಿಡಿಯೊ ಹಾಕಿದೆ. ಕೇಳಿ, "ಇದೇನೋ ತಮ್ಮಾ, ತಗಡಿನ ಡಬ್ಬ ಬಡಿದಂಗೈತಲ್ಲೋ" ಅಂದ್ರು.

ತಪ್ಪು ಸ್ಪೀಕರಿನದಲ್ಲ. ಬಾಸ್ ಅಂದರೆ ತುಂಬಾ ಗಾಳಿ ತಳ್ಳುವ ಕೆಲಸ. 50 ಹರ್ಟ್ಸ್ ದನಿಯ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ. ಆವರ್ತನ ಅರ್ಧಕ್ಕಿಳಿದೂ ಸದ್ದು ಅಷ್ಟೇ ಇರಬೇಕೆಂದರೆ, ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಚಲಿಸಬೇಕು. ಡೊಳ್ಳಿಗೆ ಅಗಲವಾದ ಚರ್ಮವಿದೆ. ಇದಕ್ಕೋ ಎರಡಿಂಚಿನ ಕೋನ್!

ಅಮೆರಿಕದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ 'ಎಚ್' ಅಂದರೆ ಹಾಫ್‌ಮನ್. ಅವರ 'ಕಬ್ಬಿಣದ ನಿಯಮ' ಸರಳ: ಚಿಕ್ಕ ಪೆಟ್ಟಿಗೆ, ಆಳದ ಬಾಸ್, ಕಡಿಮೆ ವಿದ್ಯುತ್ತಿಗೆ ಜೋರು ಸದ್ದು, ಮೂರರಲ್ಲಿ ಎರಡು ಮಾತ್ರ ಸಿಗುತ್ತೆ. ಬ್ಯಾಟರಿಯ ಪುಟ್ಟ ಸ್ಪೀಕರ್ ಬಾಸ್ ಬಿಟ್ಟುಕೊಡುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ವಾಲ್ಯೂಮ್ ಏರಿಸಿದರೆ, ಕೋನ್ ಹಾಳಾಗದಿರಲೆಂದು ಒಳಗಿನ ಚಿಪ್ಪೇ ಬಾಸ್ ತಗ್ಗಿಸುತ್ತೆ.

ಸ್ಪೀಕರನ್ನು ಗೋಡೆ ಮೂಲೆಗಿಟ್ಟೆ. ಎಲ್ಲ ಕಡೆ ಹರಡುವ ಬಾಸ್ ಅಲ್ಲಿ ಗೋಡೆಗೆ ತಾಗಿ ನಮ್ಮತ್ತಲೇ ಬರುತ್ತೆ. ಸ್ವಲ್ಪ ತುಂಬಿಬಂತು.

"ಪರವಾಗಿಲ್ಲ" ಅಂದ್ರು ಅಪ್ಪ. ಆದರೆ ಸ್ಪೀಕರಿನಲ್ಲಿ ಬಾರದ ಪೆಟ್ಟನ್ನು ಅವರ ಕೈ ಮಂಚದ ಹಲಗೆ ಮೇಲೆ ಹಾಕ್ತಾ ಇತ್ತು.

ಸ್ಪೀಕರ್ ಕೊಳ್ಳುವ ಮುನ್ನ ಮೂರರಲ್ಲಿ ಯಾವುದನ್ನು ಬಿಡ್ತೀರಿ ಅಂತ ತೀರ್ಮಾನಿಸಿಕೊಳ್ಳಿ. ನಾನು ಮುಂದಿನ ಸಲ ದೊಡ್ಡ ಪೆಟ್ಟಿಗೆಯನ್ನೇ ಒಯ್ತೀನಿ. ಎಲ್ಲಿಡೋದು ಅಂತ ಅಮ್ಮ ಬೈದರೂ ಸರಿ.