ರೊಕ್ಕ ಕಟ್ ಆಗೇತಿ, ಬಾಕ್ಸ್ ಒದರಿಲ್ಲ: ಇಂಟರ್ನೆಟ್‌ನಲ್ಲಿ ಡೇಟಾ ಸರಿಯಾಗಿ ಮುಟ್ಟುವುದು ಹೇಗೆ?

ರಾಯಾಪುರ (ಹುಬ್ಬಳ್ಳಿ-ಧಾರವಾಡ): ಕಿರಾಣಿ ಅಂಗಡಿ ಇರಲಿ, ಚಹಾದಂಗಡಿ ಇರಲಿ, ಈಗ ಎಲ್ಲ ಕಡೆ ಕ್ಯೂಆರ್ ಕೋಡ್. ಅದರ ಜೊತೆಗೆ ಒಂದು ಜಗಳವೂ ಎಲ್ಲ ಕಡೆ ಮಾಮೂಲಿಯಾಗಿದೆ. ಗಿರಾಕಿ "ರೊಕ್ಕ ಕಟ್ ಆಗೇತ್ರೀ" ಅಂತಾರೆ. ಅಂಗಡಿಯವರು "ನಮ್ಮ ಬಾಕ್ಸ್ ಇನ್ನಾ ಒದರಿಲ್ಲರೀ" ಅಂತಾರೆ. ಬಹಳ ಸಲ ಇಬ್ಬರ ಮಾತೂ ಖರೇನೇ ಇರುತ್ತದೆ. ಹಾಗಾದರೆ ರೊಕ್ಕ ಎಲ್ಲಿ ಹೋಯಿತು? ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕೋ, ಕಾಯಬೇಕೋ? ಇದಕ್ಕೆ ಉತ್ತರ ಸಿಗಬೇಕಾದರೆ ಇಂಟರ್ನೆಟ್‌ನಲ್ಲಿ ಡೇಟಾ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ತುಂಡು ತುಂಡಾಗಿ ಹೋಗುವ ಮಾಲು

ಮೊಬೈಲ್‌ನಿಂದ ಒಂದು ಫೋಟೊ ಕಳಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಈ ತುಂಡಿಗೆ ಪ್ಯಾಕೆಟ್ ಎನ್ನುತ್ತಾರೆ. ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟ್. 3 ಎಂಬಿ ಫೋಟೊ ಅಂದರೆ 2 ಸಾವಿರಕ್ಕೂ ಹೆಚ್ಚು ಪ್ಯಾಕೆಟ್.

ಇವೆಲ್ಲ ಒಂದೇ ದಾರಿಯಲ್ಲಿ ಹೋಗಬೇಕೆಂದಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮಾಲು ಕಳಿಸುವಾಗ ಒಂದು ಗಾಡಿ ಉಣಕಲ್, ನವನಗರ, ರಾಯಾಪುರ, ಸತ್ತೂರು ಮೇಲೆ ಹಳೇ ಪಿ.ಬಿ. ರಸ್ತೆ ಹಿಡಿಯಬಹುದು, ಇನ್ನೊಂದು ಗಬ್ಬೂರು–ನರೇಂದ್ರ ಬೈಪಾಸ್ ಹಿಡಿಯಬಹುದು. ಹಿಂದೆ ಹೊರಟದ್ದು ಮೊದಲು ಮುಟ್ಟಬಹುದು. ಇಂಟರ್ನೆಟ್‌ನಲ್ಲಿ ಪ್ರತಿ ಕೂಡುರಸ್ತೆಯಲ್ಲೂ ರೂಟರ್ ಎಂಬ ಯಂತ್ರ ನಿಂತು, ವಿಳಾಸ ನೋಡಿ ಪ್ಯಾಕೆಟ್ಟನ್ನು ಮುಂದೆ ತಳ್ಳುತ್ತದೆ. ಅದರ ಹತ್ತಿರ ಜಾಗ ತುಂಬಿದರೆ ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟುಬಿಡುತ್ತದೆ. ಮುಟ್ಟಿಸೇ ತೀರುತ್ತೇನೆ ಎಂಬ ಮಾತನ್ನು ಈ ಜಾಲ ಯಾರಿಗೂ ಕೊಟ್ಟಿಲ್ಲ.

ಪೋಚಪಾವತಿ ಬರುವವರೆಗೂ ಬಿಡುವುದಿಲ್ಲ

ಹಾಗಾದರೂ ಫೋಟೊ ಹರಿಯದೆ, ಅಕ್ಷರ ಅದಲುಬದಲಾಗದೆ ಹೇಗೆ ಮುಟ್ಟುತ್ತದೆ? ಆ ಜವಾಬ್ದಾರಿ ದಾರಿಯದ್ದಲ್ಲ, ಎರಡು ತುದಿಯಲ್ಲಿರುವ ಯಂತ್ರಗಳದ್ದು. ಅವು ಪಾಲಿಸುವ ನಿಯಮಗಳ ಕಟ್ಟಿಗೆ ಟಿಸಿಪಿ ಎಂದು ಹೆಸರು. ಅಮೆರಿಕದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಇದರ ಮೂಲ ರೂಪವನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಅಲ್ಲಿನ ಅರ್ಪಾನೆಟ್ ಜಾಲ ಇದಕ್ಕೆ ಬದಲಾಯಿತು.

ಲಾರಿಯಲ್ಲಿ ಮಾಲು ತರಿಸುವ ಅಂಗಡಿಯವರಿಗೆ ಈ ನಿಯಮ ಹೊಸದೇನಲ್ಲ. ಪ್ರತಿ ಬಾಕ್ಸಿಗೆ ನಂಬರ್ ಹಾಕಬೇಕು. ಮಾಲು ಬಂದ ಮೇಲೆ ನಂಬರ್ ಪ್ರಕಾರ ಜೋಡಿಸಬೇಕು. ಕೆಟ್ಟ ಬಾಕ್ಸ್ ಇದ್ದರೆ ತೆಗೆದು ಬಿಸಾಡಬೇಕು. ಇದನ್ನು ಪತ್ತೆ ಹಚ್ಚಲು ಪ್ರತಿ ಪ್ಯಾಕೆಟ್ ಜೊತೆ ಒಂದು ಲೆಕ್ಕದ ಅಂಕಿ ಇರುತ್ತದೆ. ಸರಿಯಾಗಿ ಬಂದದ್ದಕ್ಕೆ ಪೋಚಪಾವತಿ ಕಳಿಸಬೇಕು. ಕಳಿಸಿದವನು ಸ್ವಲ್ಪ ಹೊತ್ತು ಕಾಯುತ್ತಾನೆ. ಪಾವತಿ ಬರದಿದ್ದರೆ ಅದೇ ನಂಬರಿನ ಮಾಲನ್ನು ಮತ್ತೆ ಕಳಿಸುತ್ತಾನೆ. ಒಂದೇ ನಂಬರಿನ ಮಾಲು ಎರಡು ಸಲ ಬಂದರೆ ತೆಗೆದುಕೊಳ್ಳುವವನು ಒಂದನ್ನು ಬಿಟ್ಟುಬಿಡುತ್ತಾನೆ.

ದಾರಿ ಜಾಮ್ ಆದರೆ

ಪಾವತಿ ಬರಲಿಲ್ಲವೆಂದು ಎಲ್ಲರೂ ಒಮ್ಮೆಲೇ ಮತ್ತೆ ಮತ್ತೆ ಕಳಿಸಿದರೆ ಏನಾಗುತ್ತದೆ? 1986ರ ಅಕ್ಟೋಬರ್‌ನಲ್ಲಿ ಅದೇ ಆಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಅಂತರ ಸುಮಾರು 400 ಗಜ. ಅಷ್ಟೇ ದೂರದಲ್ಲಿ ಡೇಟಾ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಪರಿಹಾರ ಹುಡುಕಿದವರಲ್ಲಿ ಮುಖ್ಯರು ವ್ಯಾನ್ ಜೇಕಬ್ಸನ್. 1988ರಲ್ಲಿ ಅವರು ಪ್ರಕಟಿಸಿದ ಉಪಾಯ ಸರಳ: ಮೊದಲು ಸ್ವಲ್ಪ ಕಳಿಸು, ಪಾವತಿ ಬಂದ ಹಾಗೆ ಹೆಚ್ಚಿಸು, ಮಾಲು ಕಳೆದುಹೋದರೆ ಕೂಡಲೇ ಕಡಿಮೆ ಮಾಡು. ಜಾತ್ರೆ ದಿನ ಒಂದೇ ಟವರ್ ಮೇಲೆ ಸಾವಿರಾರು ಮೊಬೈಲ್ ಬಿದ್ದಾಗ ನೆಟ್ ನಿಧಾನವಾಗಲು ಇದೂ ಒಂದು ಕಾರಣ.

ಪಾವತಿಯೇ ಕಳೆದುಹೋದರೆ

ಅಂಗಡಿಯ ಜಗಳ ಹುಟ್ಟುವುದು ಇಲ್ಲಿಂದಲೇ. ಪಾವತಿ ಬರಲಿಲ್ಲ ಅಂದರೆ ಎರಡು ಅರ್ಥ ಇರಬಹುದು. ಮಾಲೇ ಮುಟ್ಟಿಲ್ಲ, ಅಥವಾ ಮಾಲು ಮುಟ್ಟಿದೆ, ತಿರುಗಿ ಬರುವ ಪಾವತಿ ದಾರಿಯಲ್ಲಿ ಕಳೆದಿದೆ. ಕಳಿಸಿದವನಿಗೆ ಇವೆರಡೂ ಒಂದೇ ಥರ ಕಾಣುತ್ತವೆ.

ಯುಪಿಐ ಪಾವತಿಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಗಿರಾಕಿಯ ಆ್ಯಪ್, ಎನ್‌ಪಿಸಿಐ, ಗಿರಾಕಿಯ ಬ್ಯಾಂಕ್, ಅಂಗಡಿಯವರ ಬ್ಯಾಂಕ್ ಹೀಗೆ ಸಂದೇಶ ಹಲವು ಕೈ ದಾಟುತ್ತದೆ. ಟಿಸಿಪಿ ಒಂದು ಕೈಯಿಂದ ಇನ್ನೊಂದು ಕೈಗೆ ಮುಟ್ಟಿದ್ದನ್ನಷ್ಟೇ ಖಾತ್ರಿ ಮಾಡುತ್ತದೆ. ರೊಕ್ಕ ಜಮಾ ಆಗಿದೆ ಎಂದು ಹೇಳಬೇಕಾದದ್ದು ಕೊನೆಯ ಬ್ಯಾಂಕು. ಅದರ ಉತ್ತರ ಸಮಯಕ್ಕೆ ಬರದಿದ್ದರೆ ಗಿರಾಕಿಯ ಆ್ಯಪ್‌ನಲ್ಲಿ "ಪೆಂಡಿಂಗ್" ಎಂದು ತೋರಿಸುತ್ತದೆ. ಅಂದರೆ ಆಗಿದೆಯೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ ಎಂದರ್ಥ. ಇತ್ತ ಬಾಕ್ಸ್ ಕೂಡ ನೆಟ್ ಮೇಲೆಯೇ ನಡೆಯುವುದು. ಅದರ ಸಿಗ್ನಲ್ ಹೋದರೆ ರೊಕ್ಕ ಜಮಾ ಆಗಿದ್ದರೂ ಅದು ಸುಮ್ಮನೇ ಕೂತಿರುತ್ತದೆ.

ಅಂಗಡಿಯವರು, ಗಿರಾಕಿಗಳು ಏನು ಮಾಡಬೇಕು?

ಮೊದಲನೆಯದು, ಪೆಂಡಿಂಗ್ ಇರುವಾಗ ಮತ್ತೆ ಸ್ಕ್ಯಾನ್ ಮಾಡಬಾರದು. ಯಂತ್ರ ಮತ್ತೆ ಕಳಿಸುವಾಗ ಹಳೇ ನಂಬರನ್ನೇ ಹಾಕುತ್ತದೆ, ಹಾಗಾಗಿ ಎರಡು ಸಲ ಎಣಿಕೆ ಆಗುವುದಿಲ್ಲ. ಮನುಷ್ಯ ಮತ್ತೆ ಸ್ಕ್ಯಾನ್ ಮಾಡಿದರೆ ಹೊಸ ನಂಬರಿನ ಹೊಸ ವಹಿವಾಟೇ ಹುಟ್ಟುತ್ತದೆ. ಹಳೆಯದು ತಡವಾಗಿ ಜಮಾ ಆದರೆ ರೊಕ್ಕ ಎರಡು ಸಲ ಹೋಗುತ್ತದೆ.

ಎರಡನೆಯದು, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಅಂಗಡಿಯವರಿಗೆ ಪಾವತಿ ಅಲ್ಲ. ತಮ್ಮ ಆ್ಯಪ್‌ನಲ್ಲಿ ಇಲ್ಲವೇ ಬ್ಯಾಂಕ್ ಖಾತೆಯಲ್ಲಿ ಜಮಾ ಕಂಡರಷ್ಟೇ ರೊಕ್ಕ ಬಂದಂತೆ. ಬಾಕ್ಸ್ ಸುಮ್ಮನಿದ್ದರೂ ಒಮ್ಮೆ ಅಲ್ಲಿ ನೋಡುವುದು ಒಳ್ಳೆಯದು.

ಮೂರನೆಯದು, ಯುಪಿಐ ವಹಿವಾಟಿನ 12 ಅಂಕಿಯ ನಂಬರ್ ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿನವರು ಹುಡುಕುವುದು ಇದರಿಂದಲೇ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಅಂಗಡಿಗೆ ಮಾಡಿದ ಪಾವತಿ ಕಟ್ ಆಗಿ ಅಲ್ಲಿ ಖಚಿತವಾಗದಿದ್ದರೆ ವಹಿವಾಟಿನ ದಿನದಿಂದ 5 ದಿನದೊಳಗೆ ರೊಕ್ಕ ತಾನಾಗಿಯೇ ವಾಪಸ್ ಬರಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದಾದರೆ ಮರುದಿನದೊಳಗೆ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.